ನೀಟೆರೊಯ್‌ನಲ್ಲಿ ಒಂದು ತಲೆ ದಾಟಿದ್ದು

ಮಾರೇನಹಳ್ಳಿ

ಬ್ರೆಜಿಲ್‌ಗೆ ಹೋಗಿ ಬಂದೆ ಅಂದರೆ ನಮ್ಮ ಅಂಗಡಿಗೆ ಬರುವವರು ಮೊದಲು ಕೇಳುವುದು ಫುಟ್‌ಬಾಲ್ ನೋಡಿದ್ರಾ ಅಂತ. ಆಮೇಲೆ ಕಾಫಿ ಹೇಗಿತ್ತು ಅಂತ. ಫುಟ್‌ಬಾಲ್ ನೋಡಲಿಲ್ಲ. ಕಾಫಿ ಪಾಯಸದ ಹಾಗಿತ್ತು. ನಾನು ಅಷ್ಟು ದೂರ ಹೋಗಿದ್ದು ನನ್ನ ಬಲ ಮೊಣಕೈಯನ್ನು ಬೇರೆಯವರ ಕಾಲುಗಳ ನಡುವಿನಿಂದ ಬಿಡಿಸಿಕೊಳ್ಳುವುದು ಹೇಗೆ ಅಂತ ಕಲಿಯಲು. ಹೀಗಂದರೆ ಯಾರೂ ಮುಂದೆ ಕೇಳುವುದಿಲ್ಲ, ಕಾಲು ಕೆಜಿ ಚಕ್ಕುಲಿ ಕಟ್ಟಿಸಿಕೊಂಡು ಹೊರಡುತ್ತಾರೆ. ಅಂಗಡಿಯಲ್ಲಿ ನಿಂತು ಹೇಳಿ ಮುಗಿಯುವ ಕತೆಯೂ ಅಲ್ಲ. ಹಾಗಾಗಿ ಬರೆದುಬಿಡುತ್ತೇನೆ.

ಹೆಸರು ಶೈಲಜಾ. ಮಾರೇನಹಳ್ಳಿಯಲ್ಲಿ ನಮ್ಮದು ಕಾಂಡಿಮೆಂಟ್ಸ್ ಅಂಗಡಿ. ಮುಂದಿನ ಗಲ್ಲಾ ಯಜಮಾನರದು. ಹಿಂದಿನ ಬಾಣಲೆ, ಹಿಟ್ಟು, ಚಕ್ಕುಲಿ ಒರಳು ನನ್ನದು ಮತ್ತು ನಮ್ಮತ್ತೆಯದು. ನಲವತ್ತು ದಾಟಿದ ಮೇಲೆ ಡಾಕ್ಟರು ಸಕ್ಕರೆ ಗಡಿಗೆ ಬಂದಿದೆ, ಮೈ ಬಗ್ಗಿಸಮ್ಮ ಅಂದರು. ಪಾರ್ಕಿಗೆ ವಾಕಿಂಗ್ ಹೋದೆ. ಅಲ್ಲಿ ತಿರುವು ತಿರುವಿಗೂ ಗಿರಾಕಿಗಳು ಸಿಕ್ಕಿ, ಮೊನ್ನೆ ನಿಪ್ಪಟ್ಟು ಸ್ವಲ್ಪ ಮೆತ್ತಗಿತ್ತಲ್ಲ ಶೈಲಾ ಅನ್ನುತ್ತಿದ್ದರು. ವಾಕಿಂಗ್ ಬಿಟ್ಟೆ. ಆಗ ಸಿಕ್ಕವಳು ದಿವ್ಯಾ. ಬ್ಯಾಡರಹಳ್ಳಿಯ ಹಳೇ ಒಕ್ಕಲುಮನೆಯ ಹುಡುಗಿ, ಈಗ ಬ್ಯಾಂಕಿನಲ್ಲಿ ಕೆಲಸ, ಶನಿವಾರ ಶನಿವಾರ ಕೋಡುಬಳೆ ಒಯ್ಯಲು ಬರುವವಳು. ನಾನು ಒರಳು ಒತ್ತುವುದನ್ನು ನೋಡಿ, ಅಕ್ಕಾ ನಿಮ್ಮ ಹಿಡಿತಕ್ಕೆ ತಕ್ಕ ಜಾಗ ಒಂದಿದೆ ಬನ್ನಿ ಅಂತ ಬಸವೇಶ್ವರನಗರದ ಒಂದು ಕಟ್ಟಡದ ಮೇಲಿನ ಮಹಡಿಗೆ ಕರೆದುಕೊಂಡು ಹೋದಳು. ಅಲ್ಲಿ ದೊಡ್ಡವರು ಬಿಳಿ ಬಟ್ಟೆ ಹಾಕಿಕೊಂಡು ನೆಲದ ಮೇಲೆ ಉರುಳಾಡುತ್ತಿದ್ದರು. ಅದೇ ಜಿಯು-ಜಿಟ್ಸು.

ಇದರಲ್ಲಿ ಗುದ್ದಾಟ ಇಲ್ಲ. ಒಬ್ಬರನ್ನೊಬ್ಬರು ಹಿಡಿದು ಸಿಕ್ಕಿಸಿಹಾಕುವುದು ಅಷ್ಟೆ. ಸಿಕ್ಕಿಕೊಂಡವರು ಎದುರಿನವರ ಮೈ ಮೇಲೆ ಕೈಯಿಂದ ತಟ್ಟಿದರೆ ಸೋತೆ ಅಂತ ಅರ್ಥ, ಹಿಡಿದವರು ತಕ್ಷಣ ಬಿಡಬೇಕು. ಅದಕ್ಕೆ ಟ್ಯಾಪ್ ಅನ್ನುತ್ತಾರೆ. ಸಿಕ್ಕಿಸುವುದರಲ್ಲಿ ಆರ್ಮ್‌ಬಾರ್ ಅಂತ ಒಂದು ಬಗೆ. ಅಂಗಾತ ಮಲಗಿದವರು ಮೇಲೆ ಬಂದವರ ಒಂದು ತೋಳನ್ನು ಎದೆಗೆ ಅವುಚಿಕೊಂಡು, ಎರಡೂ ಕಾಲನ್ನು ಅವರ ಕುತ್ತಿಗೆಗೂ ಬೆನ್ನಿಗೂ ಹಾಕಿ ಸೊಂಟ ಎತ್ತುತ್ತಾರೆ. ತೋಳು ನೆಟ್ಟಗಾಗಿ, ಮೊಣಕೈ ಬಾಗಬಾರದ ಕಡೆಗೆ ಬಾಗತೊಡಗುತ್ತದೆ. ಅಲ್ಲಿ ತಟ್ಟಬೇಕು. ನಾನು ಸೇರಿದ ವರ್ಷವೇ ಒಂದು ದಿನ ಹಠಕ್ಕೆ ಬಿದ್ದು ತಟ್ಟಲಿಲ್ಲ. ನಿಪ್ಪಟ್ಟು ಮುರಿದ ಹಾಗೆ ಸದ್ದಾಯಿತು. ಆ ಸಲ ಗೋಕುಲಾಷ್ಟಮಿಗೆ ತೋಳು ಜೋಳಿಗೆಯಲ್ಲಿತ್ತು, ಅಷ್ಟೂ ಚಕ್ಕುಲಿಯನ್ನು ನಮ್ಮತ್ತೆ ಒಬ್ಬರೇ ಒತ್ತಿದರು.

ಅಲ್ಲಿಂದಾಚೆಗೆ ನನ್ನ ತೋಳನ್ನು ಯಾರು ಮುಟ್ಟಿದರೂ ತಟ್ಟಿಬಿಡುತ್ತಿದ್ದೆ. ಹಿಡಿಯುವ ಮುಂಚೆಯೇ ತಟ್ಟುತ್ತಿದ್ದೆ. ನಮ್ಮ ಕೋಚ್ ಹರೀಶ ಒಂದು ದಿನ, ಆಂಟಿ, ನೀವು ಆಡೋಕೆ ಬರ್ತಿಲ್ಲ, ತಟ್ಟೋಕೆ ಬರ್ತಿದೀರ ಅಂದ. ಬೇಜಾರಾಯಿತು. ಆದರೆ ಅವನು ಹೇಳಿದ್ದು ನಿಜ.

ಹರೀಶ ಹಿಂದೆ ಬ್ರೆಜಿಲ್‌ನ ನೀಟೆರೊಯ್ ಅನ್ನುವ ಊರಿನಲ್ಲಿ ಒಬ್ಬ ಟೀಚರ್ ಹತ್ತಿರ ಕಲಿತವನು. ಆಕೆ ಆರ್ಮ್‌ಬಾರ್ ಬಿಡಿಸಿಕೊಳ್ಳುವುದರಲ್ಲಿ ಗಟ್ಟಿಗಿತ್ತಿ. ದಿವ್ಯಾ ರಜೆ ಹಾಕಿ ಅಲ್ಲಿಗೆ ಹೊರಟಳು, ನೀವೂ ಬನ್ನಿ ಅಂತ ಗಂಟುಬಿದ್ದಳು. ಮನೆಯಲ್ಲಿ ಬೇಡ ಅನ್ನುತ್ತಾರೆ ಅಂತ ನಾನು ಧೈರ್ಯವಾಗಿ ಕೇಳಿದೆ. ಅತ್ತೆ, ಹೋಗ್ಲಿ ಬಿಡೋ, ಆಷಾಢದಲ್ಲಿ ಹೇಗೂ ವ್ಯಾಪಾರ ಇಲ್ಲ ಅಂತ ಮಗನಿಗೆ ಹೇಳಿಬಿಟ್ಟರು. ನನಗೆ ಮಾತ್ರ ಒಂದು ಷರತ್ತು ಹಾಕಿದರು. "ಅಷ್ಟಮಿ ಹೊತ್ತಿಗೆ ಎರಡೂ ತೋಳು ವಾಪಸ್ ಬರ್ಬೇಕು." ನಾನು ಇನ್ನೊಂದನ್ನು ಮನಸ್ಸಿನಲ್ಲೇ ಸೇರಿಸಿಕೊಂಡೆ. ಅಲ್ಲೂ ಒಂದೇ ಒಂದು ಸಲ ಸ್ವಂತವಾಗಿ ತೋಳು ಬಿಡಿಸಿಕೊಳ್ಳಲು ಆಗದಿದ್ದರೆ, ಬಂದ ದಿನವೇ ಆ ಬಿಳಿ ಬಟ್ಟೆ ಮಡಚಿ ಅಟ್ಟಕ್ಕೆ ಹಾಕುವುದು.

ವಿಮಾನ, ಆಮೇಲೆ ಬಸ್ಸು

ವಿಮಾನದ ಬಗ್ಗೆ ಹೇಳುವಂಥದ್ದು ಏನಿಲ್ಲ. ಊಟ ಕೊಟ್ಟರು, ಕತ್ತಲೆ ಮಾಡಿದರು, ಮತ್ತೆ ಊಟ ಕೊಟ್ಟರು. ದಿವ್ಯಾ ಕೂತ ತಕ್ಷಣ ಮಲಗಿದವಳು ಇಳಿಯುವಾಗ ಎದ್ದಳು. ಟೀಚರ್‌ಗೆ ಅಂತ ಡಬ್ಬಿ ತುಂಬ ಚಕ್ಕುಲಿ ಒಯ್ದಿದ್ದೆ. ಅವಳು ನಿದ್ದೆಯಲ್ಲಿ ಅದರ ಮೇಲೆ ಕಾಲು ಚಾಚಿದ್ದಳು. ತಲುಪಿದ್ದು ಚಕ್ಕುಲಿ ಪುಡಿ.

ಅಲ್ಲಿನ ಸಿಟಿ ಬಸ್ಸಿನೊಳಗೆ ಒಂದು ತಿರುಗುವ ಸರಳು ಇರುತ್ತದೆ. ಟಿಕೆಟ್ ಆದ ಮೇಲೆ ಅದನ್ನು ತಳ್ಳಿಕೊಂಡು ಒಬ್ಬೊಬ್ಬರಾಗಿ ಹಿಂದಕ್ಕೆ ಹೋಗಬೇಕು. ನಾನು ಹೋದೆ, ನನ್ನ ಬ್ಯಾಗು ಹೋಗಲಿಲ್ಲ. ಬ್ಯಾಗಿನ ಪಟ್ಟಿಯೊಳಗೆ ಬಲ ತೋಳು ಸಿಕ್ಕಿಕೊಂಡು ಸರಳು ನಡುವೆ ನಿಂತುಬಿಟ್ಟಿತು. ಬಸ್ಸಿನವರೆಲ್ಲ ಒಂದೊಂದು ಸಲಹೆ ಕೊಟ್ಟರು. ಭಾಷೆ ಬರದಿದ್ದರೂ ಮಾತು ಗೊತ್ತಾಯಿತು, ನಮ್ಮ ಬಿಎಂಟಿಸಿಯಲ್ಲೂ ಅದನ್ನೇ ಹೇಳುತ್ತಾರೆ. ಡ್ರೈವರ್ ಗಾಡಿ ನಿಲ್ಲಿಸಿ, ತಿರುಗಿ ನೋಡಿ, ಹೆಬ್ಬೆರಳು ಎತ್ತಿ ತೋರಿಸಿದ. ಅವರು ಎಲ್ಲದಕ್ಕೂ ಹೆಬ್ಬೆರಳು ಎತ್ತುತ್ತಾರೆ. ದಿವ್ಯಾ ಹಿಂದಿನಿಂದ ಬಂದು ಪಟ್ಟಿ ಬಿಚ್ಚಿದಳು. ಆಮೇಲೆ ಸೀಟಿನಲ್ಲಿ ಕೂತು, "ಅಕ್ಕಾ, ಆ ಕಂಬಿಗೆ ಟ್ಯಾಪ್ ಮಾಡ್ತಿದ್ರಿ" ಅಂದಳು. ನನಗೆ ಗೊತ್ತೇ ಆಗಿರಲಿಲ್ಲ.

ಬೇಕರಿ ಮೇಲಿನ ರೂಮು

ನೀಟೆರೊಯ್ ಕೊಲ್ಲಿಯ ಈ ದಡದಲ್ಲಿದೆ, ರಿಯೊ ಆ ದಡದಲ್ಲಿ. ದೋಣಿಯಲ್ಲಿ ಹೋಗಿ ರಿಯೊ ನೋಡಿಕೊಂಡು ಬಂದೆವು. ಚೆನ್ನಾಗಿದೆ. ಬೇರೆಯವರು ಬೇಕಾದಷ್ಟು ಬರೆದಿದ್ದಾರೆ.

ನಮ್ಮ ರೂಮು ಒಂದು ಬೇಕರಿಯ ಮೇಲಿತ್ತು. ಬೆಳಗಾಗುವ ಮುಂಚೆಯೇ ಬ್ರೆಡ್ಡಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಬೇಕರಿಯಾಕೆ ಮೊದಲ ದಿನ ನನ್ನ ಎರಡೂ ಕೆನ್ನೆಗೆ ಮುತ್ತು ಕೊಡಲು ಬಂದಳು. ನಾನು ಒಂದಕ್ಕೆ ಮುಗಿಯಿತು ಅಂತ ತಲೆ ತಿರುಗಿಸಿದೆ, ಮೂಗಿಗೆ ಮೂಗು ಬಡಿಯಿತು. ಅಲ್ಲಿ ಪರಿಚಯವಾದವರಿಗೆಲ್ಲ ಹೀಗೆಯೇ. ಇನ್ನು ಸ್ನಾನ. ನಾವು ಊಟ ಆಯ್ತಾ ಅಂತ ಕೇಳುವ ಹಾಗೆ ಅವರು ಸ್ನಾನ ಆಯ್ತಾ ಅಂತ ಕೇಳುತ್ತಾರೆ. ಬೆಳಿಗ್ಗೆ ಒಂದು, ಕ್ಲಾಸ್ ಆದ ಮೇಲೆ ಒಂದು, ಮಲಗುವ ಮುಂಚೆ ಇನ್ನೊಂದು. ಬೆಳಗಿನ ಒಂದೇ ಸ್ನಾನಕ್ಕೆ ಮಡಿ ಅಂತ ಬೀಗುವ ನಮ್ಮ ಬೀದಿಯವರನ್ನು ನೆನೆದು ನಗು ಬಂತು.

ಸಮುದ್ರದ ದಂಡೆಯಲ್ಲಿ ಹುಡುಗರು ದೊಡ್ಡ ಚೀಲಗಳಲ್ಲಿ ಬಳೆಯ ಆಕಾರದ ತಿಂಡಿ ಮಾರುತ್ತಿದ್ದರು. ನೋಡಲು ಸಾಕ್ಷಾತ್ ಕೋಡುಬಳೆ. ಆಸೆಯಿಂದ ಕಚ್ಚಿದೆ. ಬಾಯಿಗೆ ಹಾಕಿದ ತಕ್ಷಣ ಕರಗಿ ಮಾಯ. ಖಾರವಿಲ್ಲ, ಎಳ್ಳಿಲ್ಲ, ಇಂಗಿಲ್ಲ. ಮರಗೆಣಸಿನ ಹಿಟ್ಟಂತೆ. ಇದನ್ನು ನಮ್ಮ ಅಂಗಡಿಯಲ್ಲಿಟ್ಟರೆ ಗಿರಾಕಿಗಳು ಜಗಳಕ್ಕೆ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ ಅಂದುಕೊಂಡೆ. ಆದರೂ ಚೀಲ ಖಾಲಿ ಮಾಡಿದೆ.

ಬೆಳಗಿನ ಕ್ಲಾಸು

ದಿವ್ಯಾಳನ್ನು ಸಂಜೆಯ ಸ್ಪರ್ಧಿಗಳ ಕ್ಲಾಸಿಗೆ ಹಾಕಿದರು, ನನ್ನನ್ನು ಬೆಳಗಿನ ಕ್ಲಾಸಿಗೆ. ಅಲ್ಲಿ ಎಲ್ಲರೂ ನನ್ನ ವಯಸ್ಸಿನವರು, ಇಲ್ಲವೇ ನನಗಿಂತ ದೊಡ್ಡವರು. ಟೀಚರನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ಪ್ರೊಫೆಸೊರಾ ಅನ್ನುತ್ತಾರೆ. ನಾವು ಮೇಡಂ ಅಂದ ಹಾಗೆ. ಕಡ್ಡಿಯಂಥ ಹೆಂಗಸು, ತಲೆ ಪೂರ್ತಿ ಬೆಳ್ಳಗಾಗಿತ್ತು. ಚಕ್ಕುಲಿ ಪುಡಿಯನ್ನು ಚಮಚ ಹಾಕಿಕೊಂಡು ತಿಂದು ಹೆಬ್ಬೆರಳು ಎತ್ತಿದರು.

ಮೊದಲ ದಿನ ಒಳಗೆ ಹೋಗುವಾಗ ಬಾಗಿಲ ಹತ್ತಿರದ ಚಪ್ಪಲಿ ರಾಶಿಯಲ್ಲಿ ಒಂದು ಬೋರಲು ಬಿದ್ದಿತ್ತು. ಅಭ್ಯಾಸಬಲ, ಸರಿ ಮಾಡಲು ಬಗ್ಗಿದೆ. ಅದೇ ಹೊತ್ತಿಗೆ ಇನ್ನೊಂದು ಕೈ ಬಂತು. ತೊಲೆಯಂಥ ತೋಳಿನ, ಐವತ್ತು ದಾಟಿದ ಹೆಂಗಸು. ಇಬ್ಬರೂ ಒಂದೇ ಚಪ್ಪಲಿ ಹಿಡಿದುಕೊಂಡು ಒಬ್ಬರನ್ನೊಬ್ಬರು ನೋಡಿದೆವು. ಹೆಸರು ನೇಯ್ಜಿ, ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುವವಳು. ನಮ್ಮಲ್ಲಿ ಚಪ್ಪಲಿ ಬೋರಲು ಬಿದ್ದರೆ ಮನೆಯಲ್ಲಿ ಜಗಳ. ಅವರಲ್ಲಿ ತಾಯಿ ಸಾಯುತ್ತಾಳಂತೆ. ಮೊಬೈಲಿನಲ್ಲಿ ಅನುವಾದ ಮಾಡಿಕೊಂಡು ಇಷ್ಟು ತಿಳಿದ ಮೇಲೆ ನಾವಿಬ್ಬರೂ ಜೋಡಿ ಅಂತ ತಾನಾಗಿಯೇ ತೀರ್ಮಾನವಾಯಿತು.

ಒಂದು ವಿಷಯಕ್ಕೆ ಮಾತ್ರ ಹೊಂದಿಕೊಳ್ಳಲು ಕಷ್ಟವಾಯಿತು. ಪ್ರೊಫೆಸೊರಾ ಕಾಲಿನಿಂದ ಪಾಠ ಮಾಡುತ್ತಿದ್ದರು. ನಿನ್ನ ಮೊಣಕೈ ಇಲ್ಲಿರಬೇಕು ಅಂತ ಹೇಳಲು ಮೊಣಕೈಯನ್ನು ಕಾಲಿನ ಹೆಬ್ಬೆಟ್ಟಿನಿಂದ ಸರಿಸುವುದು, ಸೊಂಟ ಎತ್ತು ಅನ್ನಲು ಪಾದದಿಂದ ತಟ್ಟುವುದು. ನಮ್ಮ ಹರೀಶ ಹಾಗೆ ಮಾಡಿದ್ದರೆ ಹೆಂಗಸರೆಲ್ಲ ಅವತ್ತೇ ಕ್ಲಾಸ್ ಬಿಡುತ್ತಿದ್ದರು.

ಅವರು ಹೇಳಿಕೊಟ್ಟ ಉಪಾಯ ಹೀಗೆ. ತೋಳು ಸಿಕ್ಕಿತು ಅಂದ ಕೂಡಲೇ ಆ ಕೈಯನ್ನು ಇನ್ನೊಂದು ಕೈಯಿಂದ ಬೀಗ ಹಾಕಿದ ಹಾಗೆ ಹಿಡಿ. ಹಿಂದಕ್ಕೆ ಎಳೆಯಬೇಡ, ಎಳೆದಷ್ಟೂ ತೋಳು ನೆಟ್ಟಗಾಗುತ್ತದೆ. ಮುಂದಕ್ಕೆ ಹೋಗು. ಅವಳ ಮೇಲೆಯೇ ಭಾರ ಹಾಕಿ ಅವಳನ್ನೇ ಮಡಚು. ಹಾಗೆಯೇ ತಲೆಯ ಕಡೆ ನಡೆದು, ಒಂದು ಕಾಲೆತ್ತಿ ಅವಳ ಮುಖ ದಾಟಿಸಿ ಆಚೆ ಇಡು. ತಿರುಗಿ ಕೂರು. ಮೊಣಕೈ ತಾನೇ ಜಾರಿ ಬರುತ್ತದೆ.

ಮಲಗಿದವರ ತಲೆ ದಾಟುವುದು! ನಮ್ಮ ಮನೆಯಲ್ಲಿ ಮಲಗಿದ ಮಕ್ಕಳ ಕಾಲು ದಾಟಿದರೂ ಅತ್ತೆ ವಾಪಸ್ ದಾಟಿಸುತ್ತಾರೆ, ಇಲ್ಲದಿದ್ದರೆ ಮಗು ಬೆಳೆಯಲ್ಲ ಅಂತ. ಆದರೆ ಕಲಿಯಲು ತಾನೇ ಬಂದದ್ದು. ನೇಯ್ಜಿ ಆರ್ಮ್‌ಬಾರ್ ಹಾಕಿದಳು. ನಾನು ಬೀಗ ಹಿಡಿದೆ, ಮುಂದಕ್ಕೆ ಹೋದೆ, ಅವಳನ್ನು ಮಡಚಿದೆ, ಕಾಲೆತ್ತಿ ದಾಟಿಸಿದೆ. ದಾಟುವಾಗ ಹಿಮ್ಮಡಿ ಅವಳ ಹಣೆಗೆ ತಾಗಿತು, ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅಷ್ಟರಲ್ಲಿ ತೋಳು ಹೊರಗೆ ಬಂದಿತ್ತು. ನನಗೆ ನಂಬಿಕೆಯೇ ಬರಲಿಲ್ಲ. ಇನ್ನೊಂದು ಸಲ ಮಾಡಿದೆವು. ಮತ್ತೆ ಬಂತು. ಬೇರೆಯವರ ಜೊತೆ ಮಾಡಿದೆ, ಅಲ್ಲೂ ಬಂತು.

ಆ ವಾರವಿಡೀ ನಾನು ನೆಲದ ಮೇಲೆ ನಡೆಯಲಿಲ್ಲ. ಮಧ್ಯಾಹ್ನ ಮನೆಗೆ ಫೋನು ಮಾಡಿ ಇವತ್ತು ಮೂರು ಸಲ ಬಿಡಿಸಿಕೊಂಡೆ, ಇವತ್ತು ನಾಲ್ಕು ಅಂತ ವರದಿ ಒಪ್ಪಿಸುತ್ತಿದ್ದೆ. ನಮ್ಮತ್ತೆ ಅದನ್ನು ಚಕ್ಕುಲಿಯ ಜೊತೆ ಪೊಟ್ಟಣ ಕಟ್ಟಿ ಗಿರಾಕಿಗಳಿಗೆಲ್ಲ ಹಂಚಿದರು. ಪಕ್ಕದ ಹೂವಿನ ಅಂಗಡಿಯವಳೂ ಫೋನಿನಲ್ಲಿ ಬಂದು ಶೈಲಕ್ಕ ಸೂಪರ್ ಅಂದಳು.

ಶನಿವಾರ

ಶನಿವಾರ ಬೆಳಗಿನವರೂ ಸಂಜೆಯವರೂ ಒಟ್ಟಿಗೆ ಸೇರುವ ದಿನ. ಮೊದಲ ಸಲ ದಿವ್ಯಾ ಪಕ್ಕದಲ್ಲಿ ಕೂತು ನನ್ನ ಆಟ ನೋಡಿದಳು. ನಾನು ನೇಯ್ಜಿಯ ಆರ್ಮ್‌ಬಾರ್‌ನಿಂದ ಎಂದಿನಂತೆ ಬಿಡಿಸಿಕೊಂಡು, ನೋಡಿದೆಯಾ ಅನ್ನುವ ಹಾಗೆ ಅವಳ ಕಡೆ ನೋಡಿದೆ. ಅವಳ ಮುಖ ಯಾಕೋ ಸರಿಯಿರಲಿಲ್ಲ.

ಕೊನೆಗೆ ಎಲ್ಲರೂ ಸಾಲಾಗಿ ನಿಂತರು. ಪ್ರೊಫೆಸೊರಾ ನನ್ನನ್ನು ಮುಂದೆ ಕರೆದು, ಹೆಗಲ ಮೇಲೆ ಕೈ ಹಾಕಿ, ಹುಡುಗರಿಗೆ ಏನೋ ದೀರ್ಘವಾಗಿ ಹೇಳಿದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಸಂಕೋಚದಿಂದ ತಲೆ ತಗ್ಗಿಸಿ ನಿಂತೆ. ದಿವ್ಯಾಳ ಮೊಬೈಲ್ ಅದನ್ನು ಇಂಗ್ಲಿಷಿಗೆ ತಿರುಗಿಸಿತ್ತು. ಅವಳು ಓದಿಕೊಂಡು ಮೊಬೈಲನ್ನು ಬೋರಲು ಹಿಡಿದಳು. ಏನಂದರು ಹೇಳು ಅಂದೆ. ಆಮೇಲೆ ಹೇಳ್ತೀನಿ ಅಕ್ಕಾ ಅಂದಳು. ನಾನು ಬಿಡಲಿಲ್ಲ.

ಪ್ರೊಫೆಸೊರಾ ಹೇಳಿದ್ದು ಇಷ್ಟು. ಈ ಭಾರತದ ಹೆಂಗಸಿನಿಂದ ಕಲಿಯಿರಿ. ಮೊಣಕೈ ಒಮ್ಮೆ ಕಳೆದುಕೊಂಡವಳು, ಅದಕ್ಕೇ ಸರಿಯಾದ ಹೊತ್ತಿಗೆ ಸೋಲು ಒಪ್ಪುತ್ತಾಳೆ. ಪ್ರತಿ ಸಲವೂ ತಟ್ಟುತ್ತಾಳೆ. ನೋವಿಗೆ ಕಣ್ಣೊರೆಸಿಕೊಳ್ಳುತ್ತಾಳೆ, ಆದರೂ ನಗುತ್ತಾಳೆ.

ಇಲ್ಲ, ನಾನು ಇಲ್ಲಿಗೆ ಬಂದ ಮೇಲೆ ಒಂದು ಸಲವೂ ತಟ್ಟಿಲ್ಲ ಅಂದೆ. ದಿವ್ಯಾ ನನ್ನನ್ನು ಮೂಲೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದಳು. "ಅಕ್ಕಾ, ಕಾಲು ತಾಗಿದಾಗ ಮುಟ್ಟಿ ಕಣ್ಣಿಗೊತ್ಕೋತೀರಲ್ಲ. ಅದನ್ನೇ ಇವರು ಟ್ಯಾಪ್ ಅಂದ್ಕೊಂಡಿದಾರೆ. ನೀವು ಬಿಡಿಸ್ಕೊಳ್ತಿಲ್ಲ. ಅವರೇ ಬಿಡ್ತಿದಾರೆ."

ಬಸವೇಶ್ವರನಗರದಲ್ಲಿ ನಾವೆಲ್ಲ ಹಾಗೆ ಮಾಡುತ್ತೇವೆ. ಯಾರದಾದರೂ ಕಾಲು ಯಾರಿಗಾದರೂ ತಾಗದೆ ಈ ಆಟ ನಡೆಯುವುದೇ ಇಲ್ಲ, ಒಂದು ಕೈ ಹೋಗಿ ಮುಟ್ಟಿ ಕಣ್ಣಿಗೆ ಬರುತ್ತಲೇ ಇರುತ್ತದೆ. ಅಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಕೆಮ್ಮಿದ ಹಾಗೆ, ಸೆರಗು ಸರಿಮಾಡಿಕೊಂಡ ಹಾಗೆ. ನಾನು ಅದನ್ನು ಮಾಡುತ್ತಿದ್ದೇನೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಹೇಳಲಾರದಷ್ಟು ಅವಮಾನವಾಯಿತು. ಸೋತಿದ್ದಕ್ಕಲ್ಲ, ಸೋಲುವುದು ನನಗೆ ಹೊಸದಲ್ಲ. ಒಂದು ವಾರ ಗೆದ್ದೆ ಅಂತ ಊರೆಲ್ಲ ಸಾರಿಕೊಂಡು, ಚಪ್ಪಾಳೆಗೆ ತಲೆ ಬೇರೆ ತಗ್ಗಿಸಿ ನಿಂತಿದ್ದೆನಲ್ಲ ಅದಕ್ಕೆ. ಅವತ್ತು ಮನೆಗೆ ಫೋನು ಮಾಡಲಿಲ್ಲ. ಅತ್ತೆಯೇ ಮಾಡಿ, ಇವತ್ತು ಎಷ್ಟು ಅಂದರು. ಇವತ್ತು ರಜ ಅಂದೆ.

ನೇಯ್ಜಿಯ ಮನೆ

ಭಾನುವಾರ ನೇಯ್ಜಿ ಊಟಕ್ಕೆ ಕರೆದಿದ್ದಳು. ಗುಡ್ಡದ ಮೇಲೆ ಸಾಲು ಮನೆ, ಹಿಂದುಗಡೆ ಬಟ್ಟೆ ಒಣಹಾಕುವ ಸಣ್ಣ ಜಾಗ. ಕರಿ ಹುರುಳಿಕಾಯಿ ಬೀಜದ ಸಾರು, ಅನ್ನ, ಮೇಲೆ ಹುರಿದ ಹಿಟ್ಟು. ಸಾರಿಗೆ ಒಗ್ಗರಣೆಯಲ್ಲಿ ಬೆಳ್ಳುಳ್ಳಿ ಬಿಟ್ಟು ಬೇರೇನೂ ಇಲ್ಲದಿದ್ದರೂ ರುಚಿಯಾಗಿತ್ತು. ನಮಗೆ ಮಾಂಸ ಬೇಡ ಅಂತ ಬೇರೆ ಪಾತ್ರೆಯಲ್ಲಿ ಮಾಡಿದ್ದಳು.

ಊಟದ ಮೇಲೆ ದಿವ್ಯಾ ನಡೆದದ್ದನ್ನೆಲ್ಲ ಅವಳಿಗೆ ವಿವರಿಸಿದಳು. ನೇಯ್ಜಿ ಮೊದಲು ನಗು ತಡೆದುಕೊಂಡಳು, ಆಮೇಲೆ ತಡೆಯಲಿಲ್ಲ. ನನಗೂ ನಗು ಬಂತು, ಒಂದು ದಿನ ತಡವಾಗಿ. ಅವಳು ಯಾಕೆ ಹಾಗೆ ಮಾಡುತ್ತೀರಿ ಅಂತ ಕೇಳಿದಳು. ಯಾಕೆ ಅಂತ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಕಾಲು ತಾಗಬಾರದು, ತಾಗಿದರೆ ಮುಟ್ಟಿ ನಮಸ್ಕಾರ ಮಾಡಬೇಕು, ಅಷ್ಟೆ. ಪುಸ್ತಕಕ್ಕೆ ತಾಗಿದರೂ ಮಾಡುತ್ತೇವೆ, ಒರಳಿಗೆ ತಾಗಿದರೂ ಮಾಡುತ್ತೇವೆ. ಹಾಗಾದರೆ ದಿನವಿಡೀ ಕ್ಷಮೆ ಕೇಳುತ್ತಲೇ ಇರುತ್ತೀರ ಅಂದಳು. ಬೆಳಿಗ್ಗೆ ವಿಜಯನಗರದ ಬಸ್ ಸ್ಟ್ಯಾಂಡಿನಲ್ಲಿ ಬಂದು ನೋಡು, ಒಬ್ಬರೂ ಕೇಳುವುದಿಲ್ಲ ಅನ್ನಬೇಕು ಅನ್ನಿಸಿತು. ಅಷ್ಟನ್ನೆಲ್ಲ ಮೊಬೈಲಿಗೆ ಹೇಳುವ ತಾಳ್ಮೆ ಇರಲಿಲ್ಲ.

ಅವಳು ಎದ್ದು ಹಿತ್ತಿಲಿನಲ್ಲಿ ಹಳೇ ಕಂಬಳಿ ಹಾಸಿದಳು. ಮಲಗಿ ನನ್ನ ತೋಳು ಹಿಡಿದು, ಈಗ ಮಾಡು ಅಂದಳು. ಮಾಡಿದೆ. ಕಾಲು ಅವಳ ಹಣೆಗೆ ತಾಗಿತು, ಎಡಗೈ ತಾನಾಗಿ ಹೊರಟಿತು. ಈ ಸಲ ಅವಳು ಬಿಡಲಿಲ್ಲ. ಕೈ ಹೊರಟ ಕ್ಷಣದಲ್ಲಿ ಬೀಗ ತೆರೆದುಕೊಂಡಿತು, ತೋಳು ನೆಟ್ಟಗಾಯಿತು, ಹಳೆಯ ಜಾಗದಲ್ಲಿ ಚುಳ್ ಅಂತು. ಪಟಪಟ ತಟ್ಟಿದೆ. ಆಗ ಬಿಟ್ಟಳು. ಬರಿ ಅರ್ಥದ ತಪ್ಪಲ್ಲ ಇದು, ಮೊಣಕೈ ಹೋಗುವ ದಾರಿ ಅಂತ ಆಗಲೇ ತಿಳಿದದ್ದು. ಒಂದು ವಾರ ಇವರೆಲ್ಲರ ಒಳ್ಳೆಯತನದಿಂದ ನನ್ನ ತೋಳು ಉಳಿದಿತ್ತು.

ಅಲ್ಲಿಂದ ದಿನವೂ ಕ್ಲಾಸಿನಲ್ಲಿ ಅದೊಂದೇ ಅಭ್ಯಾಸ. ಕೈ ಬಿಡದೆ ಇರುವುದು. ಹೇಳಲು ಸುಲಭ. ತೂಕಡಿಸುವಾಗ ತಲೆ ವಾಲದೆ ಇರಲಿ ಅಂದ ಹಾಗೆ ಅದು. ನೇಯ್ಜಿ ಬಿಡದೆ ಹಿಡಿಯುತ್ತಿದ್ದಳು, ನನ್ನ ಕೈ ಬಿಡದೆ ಹೊರಡುತ್ತಿತ್ತು. ತೋಳು ಒಂದು ಸಲವೂ ಹೊರಗೆ ಬರಲಿಲ್ಲ. ರಾತ್ರಿ ಮೊಣಕೈಗೆ ಐಸ್ ಇಟ್ಟುಕೊಂಡು, ಸಾಕು, ಇನ್ನೂ ಒಂದು ಸಲ ಸದ್ದು ಬಂದರೆ ಅಷ್ಟಮಿ ಗತಿಯೇನು ಅಂತ ಹೆದರುತ್ತಿದ್ದೆ. ಬೆಳಿಗ್ಗೆ ಮತ್ತೆ ಹೋಗುತ್ತಿದ್ದೆ.

ಕೊನೆಯ ದಿನ

ನಾವು ಹೊರಡುವ ಹಿಂದಿನ ದಿನ ಪ್ರೊಫೆಸೊರಾ ಅವರ ಜಿಯು-ಜಿಟ್ಸು ಶಾಲೆಯ ವಾರ್ಷಿಕ ಪಂದ್ಯಗಳಿದ್ದವು. ಎಲ್ಲರ ಮನೆಯವರೂ ಪಾತ್ರೆಗಳಲ್ಲಿ ತಿಂಡಿ ಹೊತ್ತು ಬಂದಿದ್ದರು. ನಮ್ಮ ಕಡೆಯ ಗೃಹಪ್ರವೇಶದ ಗಲಾಟೆ. ದಿವ್ಯಾ ಬೆಳಿಗ್ಗೆಯೇ ಎರಡು ಗೆದ್ದು ಒಂದು ಸೋತು ನಿರಾಳವಾಗಿದ್ದಳು. ದೊಡ್ಡ ಹೆಂಗಸರ ಪಂದ್ಯಕ್ಕೆ ಹೆಸರು ಕೊಟ್ಟವರು ಇಬ್ಬರೇ, ನೇಯ್ಜಿ ಮತ್ತು ನಾನು. ರೆಫರಿ ಪ್ರೊಫೆಸೊರಾ. ಅಷ್ಟು ಹೊತ್ತಿಗೆ ನೇಯ್ಜಿ ಅವರಿಗೂ ವಿಷಯ ಹೇಳಿದ್ದಳು. ಅವರು ನನ್ನನ್ನು ಪಕ್ಕಕ್ಕೆ ಕರೆದು, ಇವತ್ತು ನೀನು ಅವಳನ್ನು ಮುಟ್ಟಿ ಕಣ್ಣಿಗೆ ಒತ್ತಿದರೂ ನಾನು ಟ್ಯಾಪ್ ಅಂತಲೇ ನಿಲ್ಲಿಸುತ್ತೇನೆ, ಮೊಣಕೈ ವಿಷಯದಲ್ಲಿ ಊಹೆ ಮಾಡಲಾರೆ ಅಂತ ಮೊಬೈಲಿನಲ್ಲಿ ಹೇಳಿಸಿದರು. ನ್ಯಾಯವಾದ ಮಾತು. ಹೆಬ್ಬೆರಳು ಎತ್ತಿದೆ.

ಪಂದ್ಯದ ಶುರುವಿನಲ್ಲೇ ನೇಯ್ಜಿ ನನ್ನನ್ನು ಕೆಡವಿ ಪಾಯಿಂಟು ತಗೊಂಡಳು. ನಾನು ಹೇಗೋ ಎದ್ದು ಮೇಲೆ ಬಂದೆ. ಅವಳು ಕೆಳಗಿನಿಂದ ಕಾಯುತ್ತಿದ್ದದ್ದೂ ಅದಕ್ಕೇ. ತೋಳು ಸಿಕ್ಕಿತು. ಒಂದು ಕಾಲು ಕುತ್ತಿಗೆಗೆ ಬಂತು, ಇನ್ನೊಂದು ಬೆನ್ನಿಗೆ. ಎಡಗೈ ಬಲಗೈಯನ್ನು ಹಿಡಿದುಕೊಂಡಿತು. ಅಭ್ಯಾಸದಲ್ಲಿ ಹಿಡಿಯುತ್ತಿದ್ದ ನೇಯ್ಜಿಯೇ ಬೇರೆ, ಪಂದ್ಯದಲ್ಲಿ ಹಿಡಿದ ನೇಯ್ಜಿಯೇ ಬೇರೆ. ತಟ್ಟಿಬಿಡೋಣ ಅನ್ನಿಸಿತು. ನಿಜ ಹೇಳುತ್ತೇನೆ, ಬರೀ ಭಯ. ಎಲ್ಲೋ ದೂರದಿಂದ ದಿವ್ಯಾ, ಮುಂದಕ್ಕೆ ಅಕ್ಕಾ, ಮುಂದಕ್ಕೆ ಅನ್ನುತ್ತಿದ್ದಳು.

ಮುಂದಕ್ಕೆ ಹೋದೆ. ಇದ್ದಬದ್ದ ಭಾರವನ್ನೆಲ್ಲ ಅವಳ ಮೇಲೆ ಹಾಕಿದೆ, ಒರಳು ಗಟ್ಟಿಯಾದಾಗ ಎದೆ ಊರಿ ಒತ್ತುತ್ತೇನಲ್ಲ ಹಾಗೆ. ಅವಳು ಮಡಚಿಕೊಂಡಳು. ತಲೆಯ ಕಡೆ ಸರಿದು ಕಾಲೆತ್ತಿದೆ. ಹಿಮ್ಮಡಿ ಅವಳ ಹುಬ್ಬಿನ ಮೇಲೆ ಉಜ್ಜಿಕೊಂಡು ಹೋಯಿತು. ಬರೀ ತಾಗಿದ್ದಲ್ಲ, ಚೆನ್ನಾಗಿಯೇ ಬಿತ್ತು. ನನಗೆ ಅನ್ನ ಹಾಕಿದವಳು, ನನಗಿಂತ ದೊಡ್ಡವಳು. ಎಡಗೈ ಬೆರಳುಗಳು ಸಡಿಲವಾದವು. ತೋಳು ನೆಟ್ಟಗಾಗಲು ಶುರುವಾಯಿತು.

"ಆಮೇಲೆ," ಅಂದೆ. "ಆಮೇಲೆ, ಆಮೇಲೆ." ಕನ್ನಡದಲ್ಲಿ, ಜೋರಾಗಿ, ಅವಳಿಗೋ ನನ್ನ ಕೈಗೋ ಗೊತ್ತಿಲ್ಲ. ಬೆರಳು ಮತ್ತೆ ಬಿಗಿಯಾದವು. ಕಾಲು ಆ ಕಡೆ ನೆಲ ಮುಟ್ಟಿತು. ತಿರುಗಿ ಕೂತೆ. ಮೊಣಕೈ ಮೊದಲು ಬಂತು, ಆಮೇಲೆ ಮುಂಗೈ, ಆಮೇಲೆ ಬೆರಳು. ಯಾರೂ ಬಿಟ್ಟದ್ದಲ್ಲ. ತೋಳು ನನ್ನ ಹತ್ತಿರ ಇತ್ತು. ನೇಯ್ಜಿ ಮಲಗಿದಲ್ಲಿಂದಲೇ ನನ್ನನ್ನು ನೋಡಿ ಹುಬ್ಬು ಹಾರಿಸಿದಳು, ಮತ್ತೆ ಮೇಲೆ ಬಿದ್ದಳು. ಸಮಯ ಮುಗಿಯುವವರೆಗೂ ಹೀಗೆಯೇ ಎಳೆದಾಡಿಕೊಂಡೆವು.

ಪ್ರೊಫೆಸೊರಾ ನಮ್ಮಿಬ್ಬರ ನಡುವೆ ನಿಂತು ನೇಯ್ಜಿಯ ಕೈ ಎತ್ತಿದರು. ಮೊದಲಿನ ಪಾಯಿಂಟುಗಳಲ್ಲಿ ಗೆದ್ದವಳು ಅವಳು. ನನಗೆ ಅದು ತಲೆಗೇ ಹೋಗಲಿಲ್ಲ. ಅವಳ ಹುಬ್ಬಿನ ಮೇಲೆ ನನ್ನ ಹಿಮ್ಮಡಿಯ ಕೆಂಪು ಗುರುತು ಕಾಣುತ್ತಿತ್ತು. ಹತ್ತಿರ ಹೋಗಿ ಅವಳ ಭುಜ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡೆ.

ನೇಯ್ಜಿ ಗಂಭೀರವಾಗಿ ಎರಡೂ ಅಂಗೈ ಬಿಚ್ಚಿ, ಮೇಲೆ ಕೆಳಗೆ ತಿರುಗಿಸಿ ತೋರಿಸಿ, ಏನೋ ಅಂದಳು. ಸುತ್ತ ನಿಂತವರು ನಕ್ಕರು. ದಿವ್ಯಾ ಮೊಬೈಲು ಹಿಡಿದು ಓಡಿ ಬಂದು ಇನ್ನೊಂದು ಸಲ ಹೇಳಿಸಿ, ನನಗೆ ಓದಿ ಹೇಳಿದಳು. "ಈಗ ತಟ್ಟಿದ್ರೆ ಹೇಗೆ ಶೈಲಾ, ಬಿಡೋಕೆ ನನ್ನ ಕೈಲಿ ಏನೂ ಇಲ್ವಲ್ಲ."

ಫೋನು

ಮಧ್ಯಾಹ್ನ ರೂಮಿಗೆ ಬಂದು ಮನೆಗೆ ಫೋನು ಮಾಡಿದೆ. ಅಲ್ಲಿ ಅಂಗಡಿ ಮುಚ್ಚುವ ಹೊತ್ತು. ಅತ್ತೆ ಎತ್ತಿದರು. ತೋಳು ಹೇಗಿದೆ ಅಂದರು. ಎರಡೂ ಇದಾವೆ ಅಂದೆ. ಅಷ್ಟಮಿಗೆ ಆಗಲೇ ಆರ್ಡರ್ ಬರ್ತಿದೆ, ಹಿಟ್ಟಿಗೆ ಅಕ್ಕಿ ತೊಳೆದು ಒಣಹಾಕಿಸಿದೀನಿ ಅಂದರು. ಆಮೇಲೆ, ಬಹಳ ದಿನದಿಂದ ಲೆಕ್ಕವೇ ಹೇಳಿಲ್ಲ, ಇವತ್ತು ಎಷ್ಟು ಬಿಡಿಸಿಕೊಂಡೆ ಅಂತ ಕೇಳಿದರು.

ಒಂದು ಅಂದೆ.

"ಒಂದೇನಾ?" ಅತ್ತೆಯ ದನಿ ಇಳಿದುಹೋಯಿತು. "ಮೊದಲೆಲ್ಲ ಮೂರು, ನಾಲ್ಕು ಅಂತಿದ್ದೆ. ನಾನು ಎಲ್ರಿಗೂ ಹೇಳ್ಕೊಂಡು ಬಂದಿದೀನಲ್ಲೇ."

ಬಿಳಿ ಬಟ್ಟೆ ಕಿಟಕಿಯ ಹತ್ತಿರ ಒಣಗುತ್ತಿತ್ತು. ಸೋಮವಾರ ಬಸವೇಶ್ವರನಗರದ ಕ್ಲಾಸಿಗೆ ಬೇಕು ಅಂತ ಆಗಲೇ ಒಗೆದು ಹಾಕಿದ್ದೆ.

"ಒಂದೇ ಅತ್ತೆ," ಅಂದೆ. ಅಷ್ಟು ಹೇಳಿಕೊಳ್ಳಲು ನನಗೆ ಎಷ್ಟು ಖುಷಿಯಾಯಿತು ಅಂದರೆ, ಅವರು ಕೇಳದಿದ್ದರೂ ಇನ್ನೊಂದು ಸಲ ಹೇಳಿದೆ.